ವರ್ಚುವಲ್ ಯಂತ್ರಕ್ಕೆ ಯಾವ ಪ್ರೊಸೆಸರ್?

ನಿಮ್ಮ ಮೂರೂ ಸರ್ವರ್‌ಗಳು ಇಂಟೆಲ್‌ನವೇ, ಆದರೆ ಬೇರೆ ಬೇರೆ ತಲೆಮಾರಿನವು ಎಂದಿದ್ದೀರಿ. ಉತ್ತರ ಅಲ್ಲೇ ಇದೆ. ವರ್ಚುವಲ್ ಯಂತ್ರಗಳನ್ನು ಓಡಿಸುವ ಕ್ಯೂಇಎಂಯುವಿನಲ್ಲಿ ಪ್ರೊಸೆಸರ್ ಮಾದರಿಯಾಗಿ ‘ಹೋಸ್ಟ್’ ಆರಿಸಿದರೆ ವರ್ಚುವಲ್ ಯಂತ್ರಕ್ಕೆ ಆ ಸರ್ವರ್‌ನ ಪ್ರೊಸೆಸರ್‌ನ ಬಹುಪಾಲು ಸೌಲಭ್ಯಗಳು ಕಾಣುತ್ತವೆ. ಓಡುತ್ತಿರುವಾಗಲೇ ಅದನ್ನು ಹಳೆಯ ಸರ್ವರ್‌ಗೆ ಸಾಗಿಸಿದರೆ, ಅಲ್ಲಿಲ್ಲದ ಸೌಲಭ್ಯವನ್ನು ಬಳಸಲು ಹೋಗಿ ಪ್ರೋಗ್ರಾಂ ಕುಸಿಯಬಹುದು. ಹಾಗಾಗಿ ಅತಿ ಹಳೆಯ ಸರ್ವರ್‌ಗೆ ಹೊಂದುವ ಮಾದರಿಯನ್ನೇ ಎಲ್ಲ ಕಡೆಯೂ ಕೊಡಿ.

ವೇಗ ಕುಗ್ಗೀತೆಂಬ ಅಳುಕು ಸಹಜ. ಆದರೆ ಲಿನಕ್ಸ್ ಕರ್ನಲ್‌ನ ವರ್ಚುವಲೀಕರಣ ಸೌಲಭ್ಯವಾದ ಕೆವಿಎಂ ಇರುವಾಗ ಕೆಲಸ ನಡೆಯುವುದು ನಿಜವಾದ ಪ್ರೊಸೆಸರ್ ಮೇಲೆಯೇ. ಮಾದರಿ ಬದಲಿಸುವುದು ಮುಖ್ಯವಾಗಿ ಕಾಣಿಸುವ ಸೌಲಭ್ಯಗಳ ಪಟ್ಟಿಯನ್ನು. ಎವಿಎಕ್ಸ್-512ರಂಥ ಸೌಲಭ್ಯವನ್ನು ನೆಚ್ಚಿಕೊಂಡ ಭಾರೀ ಲೆಕ್ಕಾಚಾರಗಳಿಗೆ ನಷ್ಟವುಂಟು, ನಿಮ್ಮ ವೆಬ್‌ಸೈಟ್‌ಗೆ ಅಷ್ಟಾಗಿ ಇಲ್ಲ. ಹಾಗೆಂದು ‘ಕ್ಯೂಇಎಂಯು64’ರವರೆಗೆ ಇಳಿಯಬೇಡಿ: ಅದರಲ್ಲಿ ಎಸ್‌ಎಸ್‌ಇ 4.2 ಸೌಲಭ್ಯ ಇಲ್ಲ; ಹಾಗಾಗಿ ಅದನ್ನು ಬೇಡುವ, 2022ರಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9 ಬೂಟ್ ಆಗುವುದೇ ಇಲ್ಲ.