ಎಣ್ಣೆಯ ಅಣುವಿನಲ್ಲಿ ಒಂದು ಬಾಗು

ಪುಣೆಯ ಚಳಿಗಾಲದ ಬೆಳಗಿನಲ್ಲಿ ತೆಂಗಿನೆಣ್ಣೆಯ ಸೀಸೆಯನ್ನು ಬಿಸಿಲಿಗಿಟ್ಟು ಕರಗಿಸಬೇಕಾಗುತ್ತದೆ. ಅದರ ಪಕ್ಕದಲ್ಲಿರುವ ಶೇಂಗಾ ಎಣ್ಣೆಯಾದರೋ ಹೆಪ್ಪುಗಟ್ಟುವುದಿಲ್ಲ. ಎರಡೂ ಎಣ್ಣೆಗಳೇ ಆಗಿರಲು ಈ ಭೇದವೇಕೆ? ಇದನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ.

ನೀರಿನಲ್ಲಿ ಕರಗದೆ ಈಥರಿನಂತಹ ದ್ರಾವಕಗಳಲ್ಲಿ ಕರಗುವ ಜೈವಿಕ ದ್ರವ್ಯಗಳಿಗೆ ಲಿಪಿಡ್‌ಗಳೆಂದು ಹೆಸರು. ಎಣ್ಣೆ ತುಪ್ಪಗಳ ಒಂದು ಅಣುವಿನಲ್ಲಿ ಗ್ಲಿಸರಾಲಿಗೆ ಮೂರು ಮೇದಾಮ್ಲಗಳು ಸೇರಿಕೊಂಡಿರುತ್ತವೆ. ಮೇದಾಮ್ಲವು ಇಂಗಾಲದ ಪರಮಾಣುಗಳ ಉದ್ದನೆಯ ಸರಪಳಿ. ಸರಪಳಿಗಳು ನೆಟ್ಟಗಿದ್ದರೆ ಪೆಟ್ಟಿಗೆಯೊಳಗಿನ ಬೆಂಕಿಕಡ್ಡಿಗಳಂತೆ ಒತ್ತಾಗಿ ಸೇರಿ, ದ್ರವ್ಯವು ಗಟ್ಟಿಯಾಗುತ್ತದೆ. ನಡುವೆ ದ್ವಿಬಂಧವಿದ್ದರೆ ಸಾಮಾನ್ಯವಾಗಿ ಅಲ್ಲಿ ಬಾಗು ಉಂಟಾಗಿ, ಅವು ಹಾಗೆ ಸೇರಲಾರವು. 18 ಇಂಗಾಲಗಳ ನೆಟ್ಟನೆಯ ಸ್ಟಿಯರಿಕ್ ಆಮ್ಲವು ಸುಮಾರು 69 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಅಷ್ಟೇ ಇಂಗಾಲಗಳಿದ್ದು ಒಂದು ಬಾಗುಳ್ಳ ಓಲಿಯಿಕ್ ಆಮ್ಲವಾದರೋ ಸುಮಾರು 13 ಡಿಗ್ರಿಯಲ್ಲಿಯೇ ಕರಗುತ್ತದೆ. ತೆಂಗಿನೆಣ್ಣೆಯಲ್ಲಿ ನೆಟ್ಟನೆಯವು ಅಧಿಕ. ಶೇಂಗಾ ಎಣ್ಣೆಯಲ್ಲಿ ಬಾಗಿದವು ಅಧಿಕ.

ಎಣ್ಣೆಯೆಂದರೆ ರೋಗವೆಂದು ಹೆದರುವವರು ಇಂದು ಹಲವರಿದ್ದಾರೆ. ಆದರೆ ಲಿಪಿಡ್‌ಗಳಿಲ್ಲದೆ ಜೀವವಿಲ್ಲ. ಒಂದು ಗ್ರಾಂ ಕೊಬ್ಬಿನಿಂದ ಸುಮಾರು 9 ಕಿಲೊಕ್ಯಾಲರಿ ಶಕ್ತಿ ದೊರೆಯುತ್ತದೆ. ಪಿಷ್ಟದಿಂದ 4 ಮಾತ್ರ. ಎ, ಡಿ, ಇ, ಕೆ ಜೀವಸತ್ವಗಳು ಕರುಳಿನಲ್ಲಿ ಹೀರಲ್ಪಡುವುದು ಕೊಬ್ಬಿನ ನೆರವಿನಿಂದ. ಪ್ರತಿಯೊಂದು ಜೀವಕೋಶದ ಪೊರೆಯೂ ಮುಖ್ಯವಾಗಿ ಫಾಸ್ಫೋಲಿಪಿಡ್‌ಗಳ ಎರಡು ಪದರಗಳಿಂದಾದುದು. ಅವುಗಳ ತಲೆಗಳು ನೀರಿನ ಕಡೆಗೆ ತಿರುಗಿದರೆ, ಬಾಲಗಳು ನೀರಿಗೆ ಬೆನ್ನುಹಾಕಿ ನಡುವೆ ಅಡಗುತ್ತವೆ. ಬಾಲಗಳಲ್ಲಿ ಬಾಗುಗಳಿರುವುದರಿಂದಲೇ ಪೊರೆಯು ಬಿರುಸಾಗದೆ ಮೃದುವಾಗಿರುತ್ತದೆ.

ಇನ್ನು ವನಸ್ಪತಿಯ ವಿಚಾರ. ನಮ್ಮ ಬಾಲ್ಯದಲ್ಲಿ ತುಪ್ಪ ಕೊಳ್ಳುವ ಶಕ್ತಿಯಿಲ್ಲದೆ, ಹಬ್ಬದ ಹೋಳಿಗೆಗೂ ಮನೆಯಲ್ಲಿ ವನಸ್ಪತಿಯನ್ನೇ ಬಳಸುತ್ತಿದ್ದರು. ನಾವೂ ಸವಿದು ತಿಂದೆವು. ಎಣ್ಣೆಯಲ್ಲಿ ಜಲಜನಕವನ್ನು ಹಾಯಿಸಿ ಗಟ್ಟಿಗೊಳಿಸುವಾಗ ಕೆಲವು ದ್ವಿಬಂಧಗಳು ಉಳಿದರೂ ಅವುಗಳ ಬಾಗು ಬಹುಮಟ್ಟಿಗೆ ನೆಟ್ಟಗಾಗುತ್ತದೆ. ಇವೇ ಟ್ರಾನ್ಸ್ ಮೇದಾಮ್ಲಗಳು. ಇವು ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲನ್ನು ಹೆಚ್ಚಿಸಿ, ಒಳ್ಳೆಯದನ್ನು ತಗ್ಗಿಸಿ, ಹೃದ್ರೋಗಕ್ಕೆ ಕಾರಣವಾಗುತ್ತವೆ. ಎಣ್ಣೆ ಕೊಬ್ಬುಗಳಲ್ಲಿ ಕೈಗಾರಿಕೆಯಿಂದಾದ ಟ್ರಾನ್ಸ್ ಮೇದಾಮ್ಲವು ಶೇಕಡಾ 2ನ್ನು ಮೀರಕೂಡದೆಂಬ ನಿಯಮವು ನಮ್ಮ ದೇಶದಲ್ಲಿ 2022ರ ಜನವರಿಯಿಂದ ಜಾರಿಯಲ್ಲಿದೆ.

ಅಂದು ನಮ್ಮ ತಾಯಂದಿರಿಗೆ ಈ ಸಂಗತಿಯನ್ನು ತಿಳಿಸುವವರಿರಲಿಲ್ಲ. ವಿದ್ಯಾರ್ಥಿ ಮಿತ್ರರೇ, ನೀವಾದರೋ ಓದಬಲ್ಲಿರಿ. ತಿಂಡಿಯ ಪೊಟ್ಟಣದ ಮೇಲಿನ ಸಣ್ಣಕ್ಷರಗಳನ್ನು ಓದಿ, ಮನೆಯವರಿಗೂ ಓದಿ ಹೇಳಿರಿ. ಎಣ್ಣೆಯನ್ನು ದ್ವೇಷಿಸಬೇಕಾಗಿಲ್ಲ, ಅರಿತು, ಮಿತವಾಗಿ ಬಳಸಿದರೆ ಸಾಕು.