ಸಮಪಾಲು ಎಂದರೆ ಯಾವುದರಲ್ಲಿ ಸಮ? ಮೊರಬದ ಒಂದು ಪಾಠದ ಅನುಭವ

ತರಗತಿ: 9. ವಿಷಯ: ಸಮಾಜ ವಿಜ್ಞಾನ. ಘಟಕ: ಸಮಾನತೆ ಮತ್ತು ಹಂಚಿಕೆಯ ನ್ಯಾಯ. ಅವಧಿ: 2.

ಬೋಧನಾಭ್ಯಾಸಕ್ಕಾಗಿ ನಾನು ನವಲಗುಂದ ತಾಲೂಕಿನ ಮೊರಬಕ್ಕೆ ಹೋಗಿದ್ದೆ. ಪಾಠಯೋಜನೆಯಲ್ಲಿ ನಾನು ಬರೆದ ಕಲಿಕಾಫಲ ಹೀಗಿತ್ತು: "ಎಲ್ಲರಿಗೂ ಸಮಪಾಲು ನೀಡುವುದೇ ನ್ಯಾಯ ಎಂದು ವಿದ್ಯಾರ್ಥಿಗಳು ಗುರುತಿಸುವರು." ನನ್ನ ತಪ್ಪು ಆ ವಾಕ್ಯದಲ್ಲೇ ಇತ್ತು.

ಮೊದಲ ಅವಧಿ

ಹಲಗೆಯ ಮೇಲೆ ಒಂದು ಕಾಲುವೆ, ಅದರ ದಡಕ್ಕೆ ಒಂದರ ಮುಂದೊಂದು ಐದು ಹೊಲ ಬರೆದೆ. ವಾರಕ್ಕೆ 50 ತಾಸು ನೀರು, ಹಂಚಿರಿ ಎಂದೆ. "ತಲಾ ಹತ್ತ ತಾಸು" ಎಂದು ತರಗತಿ ಒಟ್ಟಿಗೆ ಕೂಗಿತು. 'ಸರಿ' ಎಂದು ಬರೆಯುವಷ್ಟರಲ್ಲಿ ಒಬ್ಬ ಹುಡುಗಿ ಎದ್ದು ನಿಂತಳು. "ಅಕ್ಕೋರ, ನಮ್ಮ ಸೋದರಮಾವನ ಹೊಲ ಕಾಲುವಿ ತುದ್ಯಾಗ ಐತ್ರಿ. ಹತ್ತ ತಾಸು ಪಾಳಿ ಕೊಟ್ರೂ ಅಲ್ಲಿಗೆ ಅಷ್ಟು ನೀರು ಮುಟ್ಟೂದಿಲ್ರಿ. ನಡುವನ ಇಂಗತೈತಿ, ಮ್ಯಾಲಿನವ್ರು ಬಿಟ್ಕೋತಾರ." ಅವಧಿ ಮುಗಿಯುತ್ತ ಬಂದಿತ್ತು. "ಅದು ಇವತ್ತಿನ ಪಾಠದಲ್ಲಿಲ್ಲ, ಕೂತ್ಕೊ" ಎಂದೆ. ಆಕೆ ಮತ್ತೆ ಕೈ ಎತ್ತಲಿಲ್ಲ. ಮಾರ್ಗದರ್ಶಕ ಶಿಕ್ಷಕರು ಅವಲೋಕನ ಪುಸ್ತಕದಲ್ಲಿ ಒಂದೇ ಸಾಲು ಬರೆದರು: "ಪಾಠ ಆ ಮಾತಿನಿಂದ ಶುರುವಾಗಬೇಕಿತ್ತು."

ಎರಡನೆಯ ಅವಧಿ

ಮರುದಿನ ಆಕೆಯ ಮಾತನ್ನೇ ಹಲಗೆಯ ಮೇಲೆ ಬರೆದು ಪಾಠ ಆರಂಭಿಸಿದೆ. ಆರು ಗುಂಪು ಮಾಡಿ, ಪ್ರತಿ ಗುಂಪಿಗೆ 1ರಿಂದ 5ರವರೆಗಿನ ಮಡಚಿದ ಚೀಟಿ ಕೊಟ್ಟೆ. 1 ಕಾಲುವೆಯ ಬಾಯಿಯ ಹೊಲ, 5 ತುದಿಯ ಹೊಲ. ಚೀಟಿ ಬಿಡಿಸುವ ಮೊದಲೇ ನೀರಿನ ನಿಯಮ ಬರೆಯಬೇಕು.

ನಾಲ್ಕು ಗುಂಪುಗಳು ತುದಿಗೆ ಹೆಚ್ಚು ತಾಸು ಕೊಟ್ಟವು. ಒಂದು ಗುಂಪು ತಾಸು ಸಮವಾಗಿಟ್ಟು, ಪಾಳಿ ತುದಿಯಿಂದ ಶುರುವಾಗಲಿ ಎಂದಿತು. ಇನ್ನೊಂದು ಮಾತ್ರ ತಲಾ ಹತ್ತು ತಾಸಿಗೇ ನಿಂತಿತು. ಚೀಟಿ ಬಿಡಿಸಿದಾಗ 1 ಬಂದ ಹುಡುಗನೊಬ್ಬ ನಿಯಮ ಬದಲಿಸಬೇಕೆಂದ: "ನಮ್ಮಜ್ಜ ರೊಕ್ಕಾ ಕೊಟ್ಟು ಅಲ್ಲೇ ಹೊಲ ತಗೊಂಡಾನ್ರಿ. ನಮ್ಮದೇನ ತಪ್ಪು?"

ಶಿಕ್ಷಕರಿಗೆ ವಿಷಯ ಟಿಪ್ಪಣಿ

ಈ ಚೀಟಿಯ ಹಿಂದಿರುವುದು ಜಾನ್ ರಾಲ್ಸ್ 1971ರಲ್ಲಿ 'ಎ ಥಿಯರಿ ಆಫ್ ಜಸ್ಟಿಸ್' ಕೃತಿಯಲ್ಲಿ ಮಂಡಿಸಿದ 'ಅಜ್ಞಾನದ ಪರದೆ'. ತನ್ನ ಸ್ಥಾನ ಯಾವುದೆಂದು ತಿಳಿಯದವನು ಎಲ್ಲರೂ ಒಪ್ಪಬಹುದಾದ ನಿಯಮ ಮಾಡುತ್ತಾನೆ. ಆಗ ಉಳಿಯುವ ಆರ್ಥಿಕ ಅಸಮಾನತೆ ಅತ್ಯಂತ ಹಿಂದುಳಿದವರಿಗೆ ಹೆಚ್ಚು ಅನುಕೂಲವಾಗುವಂತಿರಬೇಕು ಎಂಬುದು ರಾಲ್ಸ್ ವಾದ. ಆದರೆ ಅವರು ಹೇಳಿದ್ದು ಸಮಾಜದ ಮೂಲ ವ್ಯವಸ್ಥೆಯ ಬಗ್ಗೆ. ಕಾಲುವೆಯ ಚಟುವಟಿಕೆ ಹೋಲಿಕೆ ಮಾತ್ರ. ಇದನ್ನು ಮಕ್ಕಳಿಗೆ ಸ್ಪಷ್ಟಪಡಿಸಬೇಕು.

ಆ ಹುಡುಗನ ಪ್ರಶ್ನೆ ರಾಬರ್ಟ್ ನೋಜಿಕ್ 1974ರಲ್ಲಿ ಎತ್ತಿದ ಆಕ್ಷೇಪಕ್ಕೆ ಹತ್ತಿರದ್ದು: ನ್ಯಾಯವಾಗಿ ಗಳಿಸಿದ್ದನ್ನು ಹಂಚಿಕೆಯ ಹೆಸರಿನಲ್ಲಿ ಕಿತ್ತುಕೊಳ್ಳಬಹುದೇ? ಇದನ್ನು ಸ್ವಾರ್ಥವೆಂದು ತಳ್ಳಿಹಾಕಬಾರದು. ಹುಡುಗಿಯ ಪ್ರಶ್ನೆ ಅಮರ್ತ್ಯ ಸೇನ್ 1979ರ ಉಪನ್ಯಾಸದಲ್ಲಿ ಕೇಳಿದ್ದು: ಸಮಾನತೆ ಯಾವುದರಲ್ಲಿ? ತಾಸಿನಲ್ಲೇ, ಹೊಲ ಮುಟ್ಟಿದ ನೀರಿನಲ್ಲೇ, ಅಥವಾ ಆ ನೀರಿನಿಂದ ಬದುಕಲು ಸಾಧ್ಯವಾಗುವುದರಲ್ಲೇ? ಸೇನ್ ಒತ್ತು ಕೊಟ್ಟದ್ದು ಕೊನೆಯದಕ್ಕೆ. ಅದನ್ನು 'ಸಾಮರ್ಥ್ಯ' ಎಂದು ಕರೆದರು.

ನಮ್ಮ ತಾಲೂಕಿನ ಉದಾಹರಣೆ

ಹಂಚಿಕೆ ಎಂದರೆ ಲಾಭದ್ದು ಮಾತ್ರವಲ್ಲ, ಭಾರದ್ದೂ ಹೌದು. ಇದಕ್ಕೆ 1980ರ ನವಲಗುಂದ-ನರಗುಂದ ರೈತ ಹೋರಾಟವನ್ನು ತೆಗೆದುಕೊಂಡೆ. ಸವದತ್ತಿ ಬಳಿಯ ನವಿಲುತೀರ್ಥ ಜಲಾಶಯದಿಂದ ಮಲಪ್ರಭೆಯ ಕಾಲುವೆಗಳು ಬಂದ ಮೇಲೆ ಸರ್ಕಾರ ಅಭಿವೃದ್ಧಿ ಕರ ವಿಧಿಸಿತು. ನೀರಾವರಿಯಿಂದ ಜಮೀನಿನ ಬೆಲೆ ಏರುತ್ತದೆ, ಆ ಏರಿಕೆಯಲ್ಲಿ ಒಂದು ಪಾಲು ಕಟ್ಟಬೇಕು ಎಂಬುದು ಅದರ ತರ್ಕ. ನೀರೇ ಸರಿಯಾಗಿ ಬಾರದ ಹೊಲಕ್ಕೂ ಕರವೇ ಎಂಬುದು ರೈತರ ಪ್ರಶ್ನೆ. 1980ರ ಜುಲೈ 21ರಂದು ಗೋಲಿಬಾರ್ ನಡೆದು ರೈತರು ಸತ್ತರು. ಆ ದಿನವನ್ನು ಈಗಲೂ ರೈತ ಹುತಾತ್ಮ ದಿನವೆಂದು ಆಚರಿಸುತ್ತಾರೆ. "ಕಾಗದದ ಮ್ಯಾಲೆ ಎಲ್ಲಾರೂ ನೀರಾವರಿ ರೈತರs, ಅಲ್ರಿ?" ಎಂದು ಕೇಳಿದವಳು ಹಿಂದಿನ ದಿನ ನಾನು ಕೂರಿಸಿದ ಹುಡುಗಿಯೇ.

ಮೌಲ್ಯಮಾಪನ ಮತ್ತು ಹಿನ್ನೋಟ

ಕಲಿಕಾಫಲವನ್ನು ತಿದ್ದಿದೆ: "ಒಂದು ಹಂಚಿಕೆಯಲ್ಲಿ ಏನನ್ನು ಸಮ ಮಾಡಲಾಗಿದೆ, ಏನು ಅಸಮವಾಗಿ ಉಳಿದಿದೆ ಎಂದು ಗುರುತಿಸಿ ಕಾರಣ ಕೊಡುವರು." ಮನೆಗೆಲಸಕ್ಕೆ ಒಂದೇ ಪ್ರಶ್ನೆ ಕೊಟ್ಟೆ: ನಿಮ್ಮ ಗುಂಪಿನ ನಿಯಮ ಯಾರಿಗೆ ಒಪ್ಪಿಗೆಯಾಗಲಿಕ್ಕಿಲ್ಲ, ಏಕೆ?

ನೋಟಪುಸ್ತಕ ತಿದ್ದುವಾಗ ಒಂದು ಉತ್ತರದ ಹತ್ತಿರ ಪೆನ್ನು ನಿಂತಿತು. "ನಮಗ ಹೊಲ ಇಲ್ಲ. ಅಪ್ಪ ಅವ್ವ ಕೂಲಿಗೆ ಹೋಗ್ತಾರ. ಐದು ಚೀಟಿಯೊಳಗ ನಮ್ಮದು ಯಾವುದೂ ಇರಲಿಲ್ಲ." ಪರದೆಯ ಹಿಂದೆ ಯಾರು ಕೂರಬೇಕೆಂದು ನಾನೇ ಮೊದಲೇ ತೀರ್ಮಾನಿಸಿಬಿಟ್ಟಿದ್ದೆ. ಈ ಪಾಠವನ್ನು ಬಳಸುವ ಪ್ರಶಿಕ್ಷಣಾರ್ಥಿಗಳು ಆರನೆಯ ಚೀಟಿ ಸೇರಿಸಿಕೊಳ್ಳಬೇಕು. ಅದರ ಮೇಲೆ ಹೊಲದ ಸಂಖ್ಯೆ ಬೇಡ. 'ಕೂಲಿ' ಎಂದು ಬರೆದರೆ ಸಾಕು.