ಅಜ್ಜಿಯ ಕಾಲಿಗೆ ಹಿಡಿದದ್ದು ನರವೋ, ಸ್ನಾಯುವೋ?

ಮಕ್ಕಳೇ, ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲೂ ಪಕ್ಕದ ದಿಂಡಿಗಲ್ ಜಿಲ್ಲೆಯಲ್ಲೂ ತಲೆಮಾರುಗಳಿಂದ ಮನೆಮಾತಾಗಿ ಕನ್ನಡ ಉಳಿಸಿಕೊಂಡ ಬೇಸಾಯಗಾರ ಕುಟುಂಬಗಳಿವೆ. ಮುಲ್ಲೈಪೆರಿಯಾರ್ ನೀರಿನಲ್ಲಿ ಭತ್ತ, ಚಪ್ಪರ ಹಾಕಿ ಪನ್ನೀರ್ ದ್ರಾಕ್ಷಿ ಬೆಳೆಯುವ ಸೀಮೆ ಅದು. ಅಲ್ಲಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ಹಗಲೆಲ್ಲ ಚಪ್ಪರದಡಿ ನಿಂತು ಗೊಂಚಲು ಕತ್ತರಿಸಿ ಬಂದ ಅಜ್ಜಿ ನಡುರಾತ್ರಿ "ಅಯ್ಯೋ, ಕಾಲು ನರ ಹಿಡ್ಕೊಂಡ್ತು!" ಅಂತ ಎದ್ದು ಕೂರುತ್ತಾರೆ. ಅವರಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಮನೆಯವರು "ಶುಗರ್ ಇದ್ದೋರಿಗೆ ಇದೆಲ್ಲ ಇದ್ದದ್ದೇ" ಅಂತ ಕಾಲು ತಿಕ್ಕಿ ಮಲಗಿಸುತ್ತಾರೆ. ಹಾಗೆ ಬಿಟ್ಟುಬಿಡಬಹುದೇ? ನೋಡೋಣ ಬನ್ನಿ.

ಸೆಳೆತ ಅಂದರೇನು?

ಮೊಣಕಾಲಿನ ಕೆಳಗೆ, ಹಿಂಬದಿಯಲ್ಲಿ ಮುಟ್ಟಿ ನೋಡಿಕೊಳ್ಳಿ. ಮೀನಿನ ಆಕಾರದ ಆ ಮಾಂಸಖಂಡವೇ ಮೀನಖಂಡ. ತಮಿಳಿನಲ್ಲಿ ಅದಕ್ಕೆ ಕೆಂಡೈಕ್ಕಾಲ್ ಅನ್ನುತ್ತಾರೆ. ಕೆಂಡೈ ಅಂದರೂ ಒಂದು ಮೀನೇ! ನರದಿಂದ ಆಜ್ಞೆ ಬಂದಾಗ ಸ್ನಾಯುತಂತುವಿನೊಳಗೆ ಕ್ಯಾಲ್ಸಿಯಂ ಬಿಡುಗಡೆಯಾಗಿ ಸ್ನಾಯು ಕುಗ್ಗುತ್ತದೆ. ಆ ಕ್ಯಾಲ್ಸಿಯಂ ಮತ್ತೆ ಒಳಗೆ ಹೋದರೆ ಸಡಿಲಾಗುತ್ತದೆ. ಸಡಿಲಾಗುವುದಕ್ಕೂ ಶಕ್ತಿ ಬೇಕು ಅನ್ನುವುದನ್ನು ಮರೆಯಬೇಡಿ. ನಾವು ಬಯಸದಿದ್ದರೂ ಆಜ್ಞೆಗಳು ಒಂದರ ಹಿಂದೊಂದು ಬರುತ್ತಲೇ ಇದ್ದರೆ ಸ್ನಾಯು ಕಲ್ಲಿನಂತೆ ಗಟ್ಟಿಯಾಗುತ್ತದೆ. ಇದೇ ಸೆಳೆತ. ಅಂದರೆ ಹಿಡಿದುಕೊಳ್ಳುವುದು ಸ್ನಾಯು. ಆದರೆ ಹಿಡಿಯುವಂತೆ ಮಾಡುವುದು ಬಹಳ ಸಲ ನರ.

ಕಾರಣ ಒಂದೇ ಅಲ್ಲ

1. ನೀರು, ಲವಣದ ನಷ್ಟ: ರಕ್ತದ ಸಕ್ಕರೆ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದರೆ ಮೂತ್ರಪಿಂಡ ಅದನ್ನು ಪೂರ್ತಿ ಹಿಡಿದಿಡಲಾರದು. ಸಕ್ಕರೆ ಮೂತ್ರಕ್ಕಿಳಿಯುವಾಗ ನೀರನ್ನೂ ಲವಣಗಳನ್ನೂ ಎಳೆದೊಯ್ಯುತ್ತದೆ. ಬಿಸಿಲಲ್ಲಿ ದುಡಿದವರಿಗೆ ಬೆವರಿನ ನಷ್ಟ ಬೇರೆ.

2. ನರಕ್ಕೆ ಪೆಟ್ಟು: ವರ್ಷಗಟ್ಟಲೆ ಸಕ್ಕರೆ ಏರಿಯೇ ಇದ್ದರೆ ನರಗಳು ಹಾಳಾಗುತ್ತವೆ. ಬೆನ್ನಿನ ಕೆಳಭಾಗದಿಂದ ಕಾಲ್ಬೆರಳ ತನಕ ಹೋಗುವ ಅತಿ ಉದ್ದದ ನರಗಳಿಗೆ ಮೊದಲ ಪೆಟ್ಟು. ಆಗ ಸೆಳೆತ, ಉರಿ, ಜೋಮು ಬರುತ್ತವೆ.

3. ರಕ್ತನಾಳ ಕಿರಿದಾಗುವುದು: ನಡೆಯುವಾಗ ಸ್ನಾಯುವಿಗೆ ಬೇಕಾದಷ್ಟು ರಕ್ತ ಸಿಗದೆ ಮೀನಖಂಡ ಹಿಡಿದಂತಾಗುತ್ತದೆ. ಬೀಡಿ, ಸಿಗರೇಟು ಸೇದುವವರಿಗೆ ಈ ಅಪಾಯ ಹೆಚ್ಚು.

4. ಔಷಧಿಗಳು: ಬಿ.ಪಿ.ಗೆ ಕೊಡುವ ಮೂತ್ರ ಹೆಚ್ಚಿಸುವ ಮಾತ್ರೆಗಳಿಂದ ಲವಣ ಕಡಿಮೆಯಾಗಬಹುದು. ಮೆಟ್‌ಫಾರ್ಮಿನ್ ಬಹಳ ವರ್ಷ ನುಂಗಿದವರಲ್ಲಿ ವಿಟಮಿನ್ ಬಿ12 ಕೊರತೆಯಾಗಿ ನರಕ್ಕೆ ತೊಂದರೆಯಾಗಬಹುದು. ಹಾಗಂತ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು, ವೈದ್ಯರನ್ನು ಕೇಳಬೇಕು.

5. ಬೇರೆ ಕಾರಣಗಳು: ಮೂತ್ರಪಿಂಡದ ಕಾಯಿಲೆ, ಥೈರಾಯಿಡ್ ತೊಂದರೆ, ಇನ್ಸುಲಿನ್ ಹೆಚ್ಚಾಗಿ ರಾತ್ರಿ ಸಕ್ಕರೆ ತೀರಾ ಇಳಿಯುವುದು, ಅಥವಾ ದಿನವಿಡೀ ನಿಂತ ಬರೀ ದಣಿವು.

ಮೂರು ಪ್ರಶ್ನೆ ಕೇಳಿ

ಯಾವಾಗ ಬರುತ್ತೆ? ಮಲಗಿದ್ದಾಗ ಬಂದು, ಕಾಲು ನೀಡಿದರೆ ಬಿಡುವುದು ಸೆಳೆತ. ನಡೆದಾಗ ಬಂದು, ನಿಂತರೆ ಹೋಗಿ, ಮತ್ತೆ ನಡೆದರೆ ಬಂದರೆ ರಕ್ತನಾಳದ ಕಡೆ ಅನುಮಾನ. ಹೇಗಿರುತ್ತೆ? ಗಂಟು ಕಟ್ಟಿದ ಹಾಗೋ, ಉರಿಯೋ, ಜೋಮೋ? ಉರಿ, ಜೋಮಾದರೆ ನರದ ಕಡೆ ಅನುಮಾನ. ಎಲ್ಲಿ? ಒಂದೇ ಕಾಲು ಊದಿ, ಬಿಸಿಯಾಗಿ ನೋಯುತ್ತಿದ್ದರೆ, ಅಥವಾ ಪಾದ ತಣ್ಣಗಾಗಿ ಬಿಳಿಚಿದ್ದರೆ ಬೆಳಗಾಗುವ ತನಕ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಆ ಹೊತ್ತಿಗೆ ಏನು ಮಾಡೋದು?

ಮೊಣಕಾಲು ನೇರ ಮಾಡಿಸಿ, ಕಾಲ್ಬೆರಳನ್ನು ಮೆಲ್ಲಗೆ ಮೊಣಕಾಲಿನ ಕಡೆಗೆ ಎಳೆದು ಹಿಡಿಯಿರಿ, ಮೀನಖಂಡ ನೀವಿರಿ. ಬಿಸಿನೀರಿನ ಶಾಖ ಬೇಡ. ಸ್ಪರ್ಶ ಕಡಿಮೆಯಾದ ಕಾಲು ಸುಟ್ಟರೂ ತಿಳಿಯದು. ಅಜ್ಜಿ ಬೆವರುತ್ತಾ ನಡುಗುತ್ತಿದ್ದರೆ ಸಕ್ಕರೆ ಇಳಿದಿರಬಹುದು. ಎಚ್ಚರವಿದ್ದು ನುಂಗಬಲ್ಲರಾದರೆ ಕೂಡಲೇ ಸಕ್ಕರೆ ನೀರು ಕೊಡಿ. "ಬಾಳೆಹಣ್ಣು ತಿಂದರೆ ಸೆಳೆತ ಹೋಗುತ್ತೆ" ಅನ್ನುವವರಿದ್ದಾರೆ. ದಿಂಡಿಗಲ್ ಬಳಿಯ ಸಿರುಮಲೈ ಬೆಟ್ಟದ ಬಾಳೆ ಬಲು ರುಚಿ, ನಿಜ. ಆದರೆ ಪೊಟ್ಯಾಸಿಯಂ ಕೊರತೆಯೇ ಕಾರಣವಾಗಿದ್ದರೆ ಮಾತ್ರ ಅದು ಉಪಯೋಗ. ಮೂತ್ರಪಿಂಡ ಸೋತವರಿಗೆ ಪೊಟ್ಯಾಸಿಯಂ ಹೆಚ್ಚಾದರೆ ಹೃದಯಕ್ಕೇ ಅಪಾಯ.

ನೀವೇ ಮಾಡಿ ನೋಡಿ

ಇಂಗ್ಲೆಂಡಿನ ಇಪ್ಸ್‌ವಿಚ್ ಆಸ್ಪತ್ರೆಯ ವೈದ್ಯರು ರೂಪಿಸಿದ ಸುಲಭ ಪರೀಕ್ಷೆಯೊಂದಿದೆ. ಅಜ್ಜಿಯನ್ನು ಮಲಗಿಸಿ ಕಣ್ಣು ಮುಚ್ಚಲು ಹೇಳಿ. ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ನಿಮ್ಮ ತೋರುಬೆರಳಿನಿಂದ ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ. ಒತ್ತಬೇಡಿ, ಕಚಗುಳಿ ಇಡಬೇಡಿ. ಮುಟ್ಟಿದಾಗೆಲ್ಲ "ಎಡ", "ಬಲ" ಅಂತ ಅವರು ಹೇಳಬೇಕು. ಆರರಲ್ಲಿ ಎರಡು ಅಥವಾ ಹೆಚ್ಚು ಬೆರಳಲ್ಲಿ ಸ್ಪರ್ಶ ತಿಳಿಯದಿದ್ದರೆ ವೈದ್ಯರಿಗೆ ತೋರಿಸಲೇಬೇಕು.

ಯಾಕೆ ಗೊತ್ತೇ? ಸೆಳೆತ ಬಂದರೆ ಅಜ್ಜಿ ಕೂಗುತ್ತಾರೆ, ಮನೆ ಎದ್ದು ಕೂರುತ್ತದೆ. ಸ್ಪರ್ಶ ಸತ್ತ ಪಾದಕ್ಕೆ ಗದ್ದೆ ಬದುವಿನ ಮುಳ್ಳು ಚುಚ್ಚಿದರೆ ಯಾರೂ ಕೂಗುವುದಿಲ್ಲ. ಗಾಯ ಸದ್ದಿಲ್ಲದೆ ಕೊಳೆಯುತ್ತದೆ. ಕೊನೆಗೆ ಬೆರಳನ್ನೋ ಪಾದವನ್ನೋ ಕತ್ತರಿಸಬೇಕಾಗಬಹುದು. ನೋವಿಗಿಂತ ನೋವಿಲ್ಲದಿರುವುದೇ ಹೆಚ್ಚು ಅಪಾಯ. ಆದ್ದರಿಂದ ಬರಿಗಾಲಲ್ಲಿ ತೋಟಕ್ಕೆ ಬಿಡಬೇಡಿ, ದಿನಾ ರಾತ್ರಿ ಅಂಗಾಲು ನೋಡಿ.

ತಮಿಳುನಾಡಿನಲ್ಲಿ 2021ರ ಆಗಸ್ಟ್‌ನಿಂದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆಯಡಿ ಆರೋಗ್ಯ ಕಾರ್ಯಕರ್ತೆಯರು ಶುಗರ್, ಬಿ.ಪಿ. ಮಾತ್ರೆಗಳನ್ನು ಮನೆಗೇ ತಂದುಕೊಡುತ್ತಾರೆ. 'ಮಕ್ಕಳ್' ಅಂದರೆ ಅಲ್ಲಿ 'ಜನ'. ನಮ್ಮಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ, ಪ್ರಾಥಮಿಕ ಆರೋಗ್ಯ ಕೇಂದ್ರವಿದೆ. ಮೂರು ಪ್ರಶ್ನೆಗಳ ಉತ್ತರವನ್ನು ಚೀಟಿಯಲ್ಲಿ ಬರೆದು ಅವರ ಕೈಗೆ ಕೊಡಿ.

ಯೋಚಿಸಿ

1. ಸಕ್ಕರೆ ಕಾಯಿಲೆಯಲ್ಲಿ ಕೈಗಿಂತ ಮೊದಲು ಪಾದಕ್ಕೇ ಜೋಮು ಬರುವುದೇಕೆ?
2. ಸೆಳೆತ ಬಂದವರೆಲ್ಲರಿಗೂ ಒಂದೇ ಮದ್ದು ಸಾಲದು. ಯಾಕೆ?